ಜಿಮ್ಮಿಯ ತುರಿಕೆ

ಮನೆ ತಂಪಾಗಲೆಂದು ಬಾಗಿಲಿಗೆ ಕಟ್ಟಿದ ಲಾವಂಚದ ತಟ್ಟಿಗೆ ನೀಲಾಂಬಿಕಾ ಮೊದಲ ತಂಬಿಗೆ ನೀರು ಚೆಲ್ಲಿದ್ದಳಷ್ಟೇ, ಗೋಡೆಯಾಚೆಯಿಂದ ನೆರೆಮನೆಯ ಕಾಶಿಬಾಯಿಯ ದನಿ ಬಂತು.

"ನೀಲಾಬಾಯಿ, ನಿಮ್ಮ ನಾಯಿ ನನ್ನ ಹಪ್ಪಳದ ಚಾಪಿ ಮ್ಯಾಲೆ ಬೆನ್ನ ತಿಕ್ಕಾಕತ್ತೈತಿ. ನಾವು ಹಪ್ಪಳಾ ತಿನ್ನೋದೋ, ಅದರ ಹುರುಕ ತಿನ್ನೋದೋ?"

ಕಾಶಿಬಾಯಿ ಸೊಲ್ಲಾಪುರದವಳು. ನಾಗಪುರದ ಈ ರೈಲ್ವೆ ವಸತಿಯಲ್ಲಿ ಕನ್ನಡದಲ್ಲಿ ಬೈಸಿಕೊಳ್ಳುವುದೂ ನೀಲಾಂಬಿಕೆಗೆ ಒಂದು ಸುಖವೇ. ಬೇರೆ ಹಪ್ಪಳ ಲಟ್ಟಿಸಿಕೊಡುವ ಮಾತು ಕೊಟ್ಟು ನಾಯಿಯನ್ನು ಎತ್ತಿಕೊಂಡು ಬಂದಳು.

ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದ ಗಂಡ ರುದ್ರಪ್ಪ ಎಲ್ಲ ಕೇಳಿಸಿಕೊಂಡಿದ್ದ. "ಸಾಕಾತು. ಸಂಜಿಕ ಇದನ್ನ ಊರ ಹೊರಗ ಕೋರಾಡಿ ಗುಡಿ ಕಡೆ ಬಿಟ್ಟು ಬರ್ತೀನಿ. ಪ್ರಸಾದ ತಿಂದು ಆರಾಮ ಇರ್ತೈತಿ."

ಮಗಳು ಗಂಗಾ ಜಿಮ್ಮಿಯ ಹಗ್ಗವನ್ನು ಮುಂಗೈಗೆ ಸುತ್ತಿಕೊಂಡು ಕುಳಿತಳು.

ಆಸ್ಟ್ರೇಲಿಯಾಕ್ಕೆ ಹೊರಟುಹೋದ ಇಂಜಿನ್ ಡ್ರೈವರ್ ಸಾಹೇಬ ಬಿಟ್ಟುಹೋದ ಬಿಳಿ ಟೆರಿಯರ್ ಜಾತಿಯ ನಾಯಿ ಅದು. ಬೇಸಿಗೆ ಬಂತೆಂದರೆ ಹೊಟ್ಟೆ, ಪಾದ ಎಲ್ಲ ಕೆಂಪಾಗಿ ಕೆರೆದುಕೊಳ್ಳುತ್ತಿತ್ತು. ಗಂಧಕ, ಬೇವಿನೆಣ್ಣೆ ಹಚ್ಚಿದ್ದಾಯಿತು. ತಂಪಾಗಲೆಂದು ತಟ್ಟಿಯ ಕೆಳಗೇ ಮಲಗಿಸಿದ್ದೂ ಆಯಿತು.

ರೊಟ್ಟಿ ಬಡಿದಿಟ್ಟು ನೀಲಾಂಬಿಕಾ ಮಗಳನ್ನೂ ನಾಯಿಯನ್ನೂ ಟಾಂಗಾ ಹತ್ತಿಸಿ ದನದ ದವಾಖಾನೆಗೆ ಹೊರಟಳು. ಡಾಕ್ಟರು ಜಿಮ್ಮಿಯ ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಹುಳುವಿಲ್ಲ, ಇದು ಹುರುಕಲ್ಲ, ಯಾರಿಗೂ ಅಂಟುವುದಿಲ್ಲ ಎಂದು ಮರಾಠಿಯಲ್ಲಿ ಹೇಳಿದರು. ಇಂಥ ಬಿಳಿ ಟೆರಿಯರ್‌ಗಳಲ್ಲಿ ಇದು ಹೆಚ್ಚು, ತಾಯಿತಂದೆಯಿಂದಲೇ ಬರುತ್ತದೆ, ಮೈಗಾಗದ್ದು ಏನೋ ತಾಕಿದರೆ ಸಾಕು, ತುರಿಕೆ ಏಳುತ್ತದೆ ಎಂದರು. ಎಲ್ಲಿ ಮಲಗುತ್ತದೆ ಎಂದು ಕೇಳಿದರು.

"ಲಾವಂಚದ ತಟ್ಟಿ ಕೆಳಗ," ಎಂದಳು ನೀಲಾಂಬಿಕಾ, ಹೆಮ್ಮೆಯಿಂದಲೇ.

ಈ ವರ್ಷದ ತಟ್ಟಿಯೇ ಎಂದರು ಡಾಕ್ಟರು. ಅಲ್ಲ. ಅವಳ ಊರಲ್ಲಿ ಲಾವಂಚವೆಂದರೆ ಮದ್ದಿನ ಬೇರು, ಅದನ್ನು ಎಸೆಯುವುದುಂಟೆ? ಮೂರು ಬೇಸಿಗೆಯಿಂದ ಅದೇ ತಟ್ಟಿಯನ್ನು ಅಟ್ಟದಿಂದಿಳಿಸಿ ನೀರು ಹಾಕುತ್ತಿದ್ದಳು. ಡಾಕ್ಟರು ನಕ್ಕರು. ಹಳೆಯ ತಟ್ಟಿಯ ಆ ಬೂಷ್ಟು, ಆ ಧೂಳು ಮೊದಲು ಮನೆಯಿಂದಾಚೆ ಹೋಗಲಿ. ತುರಿಕೆ ಕಡಿಮೆಯಾದೀತು, ಆದರೆ ಪೂರ್ತಿ ಹೋಗದು, ಸಂಭಾಳಿಸಿಕೊಂಡಿರಬೇಕು ಎಂದರು.

ಸಂಜೆ ರುದ್ರಪ್ಪ ಚಪ್ಪಲಿ ಮೆಟ್ಟಿ ನಿಂತಿದ್ದ. ಹೆಂಡತಿ ಹೇಳಿದ್ದನ್ನೆಲ್ಲ ಕೇಳಿದ. ಬೀಸಣಿಗೆಯ ಹಿಡಿಯಿಂದ ಕತ್ತಿನ ಹಿಂದೆ ಪರಪರ ಕೆರೆದುಕೊಂಡ. ಸೆಕೆ ಬಂದರೆ ಅಲ್ಲಿ ಕೆಂಪಗೆ ಏಳುತ್ತದೆ. ಅವನ ಅಪ್ಪನಿಗೂ ಹಾಗೆಯೇ ಇತ್ತು.

"ಅಂಟೋದಿಲ್ಲ, ಬರೋಬರ್. ಆದ್ರ ಹುಟ್ಟಿನಿಂದ ಬಂದದ್ದು ಹೋಗೂದಿಲ್ಲಲ್ಲ? ದಿನಾ ಕೆರಕೊಳ್ಳೋದನ್ನ ಮನ್ಯಾಗ ಇಟಗೊಂಡು ಏನ ಮಾಡೋದು?"

ನೀಲಾಂಬಿಕೆಯ ನಾಲಿಗೆಯ ತುದಿಗೆ ಮಾತು ಬಂತು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮಗಳತ್ತ ನೋಡಿದಳು. ಬೆಳಗಿನಿಂದ ತುಟಿ ಬಿಚ್ಚದ ಗಂಗಾ ಅಪ್ಪನ ಕತ್ತನ್ನೇ ನೋಡುತ್ತಿದ್ದಳು.

"ಅಪ್ಪಾ, ಹಂಗಾರ ನಿಮ್ಮನ್ನ ಎಲ್ಲಿ ಬಿಟ್ಟು ಬರೋದ್ರಿ?"