ಮರಕ್ಕೆ ಒರಗಿಸಿದ ಕತ್ತೆ

ಕತ್ತೆಯನ್ನು ಮರಕ್ಕೆ ಕಟ್ಟಬಹುದು. ಮರದ ಕೆಳಗೆ ನಿಲ್ಲಿಸಬಹುದು, ಬೇಕಿದ್ದರೆ ಮರದ ಸುತ್ತ ಓಡಿಸಲೂಬಹುದು. ಆದರೆ ಮರಕ್ಕೆ ಒರಗಿಸಿ ಇಡಲು ಬರುವುದಿಲ್ಲ. ಇಷ್ಟು ಸರಳವಾದ ಮಾತನ್ನು ಒಂದು ಪ್ರಕಾಶನದ ಜನಕ್ಕೆ ತಿಳಿಸಿ ಹೇಳಲು ಹೋಗಿ ಕೊಂಬಕ್ಕನ ಗಂಟಲ ಪಸೆ ಆರಿಹೋಗಿತ್ತು.

ಕೊಂಬಕ್ಕ ಅಲ್ಲಿ ಕರಡು ತಿದ್ದುವ ಹೆಂಗಸು. ಯಾವ ಮೂಲೆಯಲ್ಲಿ ಯಾವ ಅಕ್ಷರಕ್ಕೆ ಕೊಂಬು ಬಿಟ್ಟುಹೋಗಿದ್ದರೂ ಹಿಡಿಯುತ್ತಾಳೆ ಎಂದು ಮೆಚ್ಚಿದವರು ಇಟ್ಟ ಹೆಸರು ಅದು. ಮೆಚ್ಚದವರು ಅದೇ ಹೆಸರನ್ನು, ಇವಳಿಗೇನು ತಲೆಯ ಮೇಲೆ ಎರಡು ಕೊಂಬಿದೆಯಾ ಎಂಬ ಅರ್ಥದಲ್ಲಿ ಕರೆಯುತ್ತಿದ್ದರು. ಅವಳು ಎರಡಕ್ಕೂ ಓಗೊಡುತ್ತಿದ್ದಳು.

ಜಗಳಕ್ಕೆ ಕಾರಣವಾದ ಪುಸ್ತಕ ನೂರು ವರ್ಷಕ್ಕೂ ಹಿಂದೆ ಯಾವುದೋ ದೂರದ ಭಾಷೆಯಲ್ಲಿ ಹುಟ್ಟಿದ ಮಕ್ಕಳ ಕಾದಂಬರಿ. ಆ ಕಾಲದ ಮಕ್ಕಳ ಪುಸ್ತಕದಲ್ಲಿ ಇರಬೇಕಾದದ್ದೆಲ್ಲ ಅದರಲ್ಲಿದೆ. ತಬ್ಬಲಿ ಅಣ್ಣ ತಂಗಿ, ಬೀಗ ಹಾಕಿದ ದೊಡ್ಡ ಮನೆ, ಆಸ್ತಿಯ ಮೇಲೆ ಕಣ್ಣಿಟ್ಟ ಚಿಕ್ಕಪ್ಪ, ಸಾಯುವಷ್ಟು ಜ್ವರ ಬಂದು ಕಡೆಯ ಅಧ್ಯಾಯದೊಳಗೆ ವಾಸಿಯಾಗುವ ತಂಗಿ, ಮತ್ತು ಯಾರೂ ಕೇಳದಿದ್ದರೂ ಅಧ್ಯಾಯಕ್ಕೊಂದು ಬುದ್ಧಿಮಾತು. ತಂಗಿಯನ್ನು ಹುಡುಕಿಕೊಂಡು ಅಣ್ಣ ಅಜ್ಜನ ತುಕ್ಕು ಹಿಡಿದ ಕತ್ತಿಯನ್ನು ಹೆಗಲಿಗೇರಿಸಿ ಕಾಡಿಗೆ ಹೊರಡುತ್ತಾನೆ. ಏಳನೆಯ ಅಧ್ಯಾಯದಲ್ಲಿ ಸುಸ್ತಾಗಿ, 'ಕತ್ತಿಯನ್ನು ಮರಕ್ಕೆ ಒರಗಿಸಿ ಮಲಗಿದ.' ಕನ್ನಡದ ಮೊದಲ ಮುದ್ರಣದಲ್ಲಿ ಹಾಗೆಯೇ ಇತ್ತು. ಎರಡನೆಯ ಮುದ್ರಣದ ಹೊತ್ತಿಗೆ ಅಚ್ಚಿನ ಮೊಳೆ ಜೋಡಿಸುವವನ ಕೈ ಪಕ್ಕದ ಖಾನೆಗೆ ಹೋಯಿತು. ಗುಡಿಸು ಇರಬೇಕಾದ ಕಡೆ ಏತ್ವ ಬಂದು ಕೂತಿತು. ಕತ್ತಿ ಹೋಗಿ ಕತ್ತೆಯಾಯಿತು.

ಆ ಪುಟಗಳ ಕರಡು ನೋಡಿದವರು ಕೊಂಬಕ್ಕನ ಅಪ್ಪ. ನೋಡಿದ್ದು ಕಚೇರಿಯ ಮೇಜಿನಲ್ಲಲ್ಲ, ಹೆರಿಗೆ ಆಸ್ಪತ್ರೆಯ ಬೆಂಚಿನ ಮೇಲೆ. ಒಳಗೆ ಹೆಂಡತಿ ನೋವು ತಿನ್ನುತ್ತಿದ್ದಳು, ಹೊರಗೆ ಮುದ್ರಣಾಲಯದ ಆಳು ಯಂತ್ರ ಖಾಲಿ ನಿಂತಿದೆ ಎಂದು ಪ್ರಾಣ ಹಿಂಡುತ್ತಿದ್ದ. ಒಳಗಿಂದ ಮಗು ಅತ್ತದ್ದು ಕೇಳಿತು. ಅಪ್ಪ ಸಹಿ ಹಾಕಿ ಎದ್ದು ಓಡಿದರು. ಅತ್ತ ಮಗುವೇ ಕೊಂಬಕ್ಕ. ಹಾಗಾಗಿ ಆ ಕತ್ತೆಗೂ ಅವಳಿಗೂ ಒಂದೇ ಹುಟ್ಟುಹಬ್ಬ, ಮತ್ತು ಯಾರಾದರೂ ಇದನ್ನು ನೆನಪಿಸಿದರೆ ಅವಳಿಗೆ ಮೈಯೆಲ್ಲ ಉರಿಯುತ್ತದೆ.

ಅಂದಿನಿಂದ ಅಪ್ಪ 'ಕತ್ತೆ ಮೇಷ್ಟ್ರು'. ಹೆಸರಿಟ್ಟವರು ಆಗಿನ ದೊಡ್ಡ ಯಜಮಾನರು, ಅದೂ ಎಲ್ಲರೆದುರು. ಆಮೇಲೆ ಅಪ್ಪ ಇಡೀ ಆಯುಷ್ಯ ಸವೆಸಿ ಎಷ್ಟೋ ಪುಸ್ತಕಗಳನ್ನು ಕೂದಲೆಳೆಯಷ್ಟೂ ತಪ್ಪಿಲ್ಲದೆ ದಾಟಿಸಿದರು. ಅವನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಬೀದಿಯ ಅಂಗಡಿಯವನೂ, ಬೀಗರ ಮನೆಯವರೂ ಕತ್ತೆ ಮೇಷ್ಟ್ರೇ ಎಂದರು. ಅಪ್ಪ ಆ ಮಾತಿಗೆ ಒಮ್ಮೆಯೂ ನಕ್ಕವರಲ್ಲ.

ಮುಂದಿನ ಮುದ್ರಣದಲ್ಲಿ ತಿದ್ದಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅಪ್ಪನೂ ಗೋಗರೆದು ಅದನ್ನೇ ಕೇಳಿದ್ದರು. ಆದರೆ ಅಷ್ಟರಲ್ಲಿ ಮಕ್ಕಳು ಆ ಕತ್ತೆಗೆ ಮನಸೋತಿದ್ದರು. ಮೂರನೆಯ ಮುದ್ರಣಕ್ಕೆ ಒಬ್ಬ ಕಲಾವಿದ ಕತ್ತೆಯ ಚಿತ್ರ ಬರೆದ. ಹಿಂಗಾಲು ಮುಂದೆ ಚಾಚಿ, ಬೆನ್ನನ್ನು ಮರಕ್ಕೆ ಕೊಟ್ಟು, ಪಿಂಚಣಿ ತೆಗೆದುಕೊಳ್ಳುವ ಮುದುಕನಂತೆ ಕೂತ ಕತ್ತೆ. ಅದರ ಮುಂದಿನ ಮುದ್ರಣಕ್ಕೆ ಇನ್ಯಾರೋ ಪುಣ್ಯಾತ್ಮರು 'ಕತ್ತೆಯೂ ಗೊರಕೆ ಹೊಡೆಯಿತು' ಎಂಬ ಸಾಲನ್ನು ತಾವೇ ಹೊಸೆದು ಸೇರಿಸಿದರು. ಶಾಲೆಗಳಲ್ಲಿ 'ಹುಡುಗನು ಕತ್ತೆಯನ್ನು ಎಲ್ಲಿ ಒರಗಿಸಿದನು?' ಎಂದು ಪ್ರಶ್ನೆ ಕೇಳತೊಡಗಿದರು. ಎಂಟನೆಯ ಅಧ್ಯಾಯದಲ್ಲಿ ಹುಡುಗ ಎದ್ದು, ಮೊದಲಿನ ಹಾಗೆಯೇ ಕತ್ತಿಯನ್ನು ಹೆಗಲಿಗೇರಿಸಿ ಹೊರಡುತ್ತಾನೆ. ಕತ್ತೆ ಏನಾಯಿತೆಂದು ಯಾರೂ ಕೇಳಲಿಲ್ಲ. ಪಾಪ, ಇವತ್ತಿಗೂ ಅಲ್ಲೇ ಒರಗಿಕೊಂಡಿರಬೇಕು.

ಈಗ ಅದೇ ಪುಸ್ತಕದ ಹೊಸ ಮುದ್ರಣ, ಗಟ್ಟಿ ರಟ್ಟು, ಬಣ್ಣದ ಮುಖಪುಟ. ಕರಡು ಕೊಂಬಕ್ಕನ ಮೇಜಿಗೇ ಬಂದಿತ್ತು. ಅಪ್ಪನ ಒಂದು ಕಣ್ಣು ಆಗಲೇ ಹೋಗಿತ್ತು. ಇನ್ನೊಂದು ಕಣ್ಣಿನಲ್ಲಿ, ಭೂತಗನ್ನಡಿ ಹಿಡಿದರೆ ಅಕ್ಷರ ಕಾಣುವಷ್ಟು ದೃಷ್ಟಿ ಉಳಿದಿತ್ತು, ಅದೂ ಹೆಚ್ಚು ದಿನ ಇರುವುದಿಲ್ಲ ಎಂದು ವೈದ್ಯರು ಹೇಳಿಯಾಗಿತ್ತು. ಆ ಕಣ್ಣು ಆರುವುದರೊಳಗೆ ಅಪ್ಪ ಏಳನೆಯ ಅಧ್ಯಾಯದಲ್ಲಿ ಕತ್ತಿಯನ್ನು ನೋಡಬೇಕು. ಕೊಂಬಕ್ಕನಿಗೆ ಬೇಕಾಗಿದ್ದದ್ದು ಇಷ್ಟೇ. ಒಂದು ಗುಡಿಸು.

ಚಿಕ್ಕ ಯಜಮಾನ ದೊಡ್ಡ ಯಜಮಾನರ ಮೊಮ್ಮಗ. ವಯಸ್ಸಿನಲ್ಲಿ ಅವಳಿಗಿಂತ ಸಾಕಷ್ಟು ಚಿಕ್ಕವನು, ಮಾತು ಮಾತ್ರ ಸಕ್ಕರೆ. ಅವಳು ಮೂಲ ಪುಸ್ತಕವನ್ನೂ ಮೊದಲ ಮುದ್ರಣದ ಹಳೆಯ ಪ್ರತಿಯನ್ನೂ ಹೊತ್ತುಕೊಂಡು ಹೋಗಿ ಅವನ ಮೇಜಿನ ಮೇಲೆ ಹರವಿದಳು.

"ನೋಡಿ ಸರ್, ಎರಡರಲ್ಲೂ ಕತ್ತಿನೇ ಇದೆ."

"ಇರಲಿ ಬಿಡಿ ಅಕ್ಕಾ."

"ಇರಲಿ ಅಂದ್ರೆ? ಕತ್ತೆನ ಮರಕ್ಕೆ ಒರಗಿಸೋದು ಹೇಗೆ, ನೀವೇ ಹೇಳಿ."

"ಅದೇ ಅಲ್ವಾ ಮಜಾ? ನಾನು ಚಿಕ್ಕವನಿದ್ದಾಗ ನಮ್ಮ ತಾತ ಆ ಪುಟ ಓದಿದ್ರೆ ಬಿದ್ದು ಬಿದ್ದು ನಗ್ತಿದ್ದೆ."

"ಮೂಲದಲ್ಲಿ ಕತ್ತೆನೇ ಇಲ್ಲ ಸರ್."

"ಮೂಲದವರಿಗೆ ಹೊಳೀಲಿಲ್ಲ ಅಂತ ಇಟ್ಕೊಳ್ಳಿ," ಎಂದು ಅವನು ಮುಖಪುಟದ ಮಾದರಿಯನ್ನು ಅವಳತ್ತ ತಿರುಗಿಸಿದ. ಅದರ ಮೇಲೂ ಕತ್ತೆ. ಕಾಣೆಯಾದ ತಂಗಿ ಮೂಲೆಯಲ್ಲೆಲ್ಲೋ ಹೆಬ್ಬೆರಳಿನಷ್ಟಿದ್ದಳು.

ಅವಳು ಅಷ್ಟಕ್ಕೇ ಬಿಡಲಿಲ್ಲ. ಪುಟ ಕಟ್ಟುವವನನ್ನು ಕೇಳಿದಳು. ಅವನು, ಕತ್ತೆ ತೆಗೆದರೆ ಪುಟದಲ್ಲಿ ಎರಡು ಸಾಲು ಖಾಲಿ ಬೀಳುತ್ತದೆ ಎಂದ, ಜಗತ್ತಿನ ದೊಡ್ಡ ಸಂಕಟ ಅದೇ ಎಂಬಂತೆ. ಶಾಲೆಯೊಂದರ ಮುಖ್ಯೋಪಾಧ್ಯಾಯಿನಿಯಾಗಿದ್ದ ಬಾಲ್ಯದ ಗೆಳತಿಯನ್ನು ಕೇಳಿದಳು. "ಅಯ್ಯೋ, ನಾನು ಓದೋದು ಕಲಿತಿದ್ದೇ ಆ ಕತ್ತೆಗೋಸ್ಕರ ಕಣೇ. ಅದನ್ನ ತೆಗೆದ್ರೆ ನಿನ್ನ ಜೊತೆ ಮಾತು ಬಿಡ್ತೀನಿ," ಎಂದಳು ಆ ಮಹಾತಾಯಿ. ಯಾರ ಹತ್ತಿರ ಹೋದರೂ ಕತ್ತೆಯದೇ ಗುಣಗಾನ. ಆ ಕತ್ತೆಯ ಭಾರವನ್ನು ಇಷ್ಟು ವರ್ಷ ಹೊತ್ತ ಮನುಷ್ಯನ ಬಗ್ಗೆ ಒಬ್ಬರಾದರೂ ಕೇಳಲಿ ಎಂದು ಕಾದಳು. ಕೇಳಲಿಲ್ಲ. ಅವಳ ಪಿತ್ತ ನೆತ್ತಿಗೇರಿತು.

ಕಡೆಯ ಕರಡು ಬಂದಾಗ ಅವಳು ಬಾಗಿಲು ಹಾಕಿಕೊಳ್ಳಲಿಲ್ಲ, ಆಚೆ ಈಚೆ ನೋಡಲೂ ಇಲ್ಲ. ಕದಿಯುತ್ತಿದ್ದೇನೆ ಎಂದು ಅನ್ನಿಸಿದ್ದರೆ ತಾನೇ? ಕೆಂಪು ಪೆನ್ನಿನಲ್ಲಿ 'ತ್ತೆ'ಯನ್ನು ಹೊಡೆದು ಅಂಚಿನಲ್ಲಿ 'ತ್ತಿ' ಎಂದು ಬರೆದಳು. ಗೊರಕೆಯ ಸಾಲನ್ನು ಉದ್ದಕ್ಕೂ ಗೀಟೆಳೆದು ತೆಗೆದಳು. ಅಪ್ಪ ಹಾಕುತ್ತಿದ್ದ ಜಾಗದಲ್ಲೇ ಸಹಿ ಹಾಕಿದಳು. ಪುಟ ಕಟ್ಟುವವನಿಗೆ ಕೆಂಪು ಕಂಡ ಕಡೆ ತಿದ್ದುವುದಷ್ಟೇ ಗೊತ್ತು, ತಿದ್ದಿದ. ಚಿತ್ರ ಅವಳ ಕೈಯಲ್ಲಿರಲಿಲ್ಲ. ಅದು ಇದ್ದ ಹಾಗೇ ಹೋಯಿತು.

ಪುಸ್ತಕ ಹೊರಬಂದ ವಾರದಲ್ಲೇ ದೂರವಾಣಿ ಬಡಿದುಕೊಳ್ಳತೊಡಗಿತು. ಚಿತ್ರದಲ್ಲಿ ಕತ್ತೆ ಇದೆ, ಕತೆಯಲ್ಲಿ ಎಲ್ಲಿ ಹೋಯಿತು ಎಂದು ಒಬ್ಬರು. ಗೊರಕೆ ಎಲ್ಲಿ ಎಂದು ಇನ್ನೊಬ್ಬರು. ಒಬ್ಬ ತಂದೆಯಂತೂ, ಅವಳೇ ಫೋನು ಎತ್ತಿದಾಗ, "ಮಕ್ಕಳ ಪುಸ್ತಕದಲ್ಲಿ ಇಂಥಾ ಅಚ್ಚಿನ ತಪ್ಪಾ? ಕತ್ತೆ ಅಂತ ಇರಬೇಕಾದ್ದು ಕತ್ತಿ ಅಂತ ಬಿದ್ದಿದೆ. ನಿಮ್ಮಲ್ಲಿ ಕರಡು ನೋಡೋರು ಯಾರೂ ಇಲ್ವಾ?" ಎಂದು ಕೇಳಿದ.

"ಇದೀನಿ," ಎಂದು ಕೊಂಬಕ್ಕ ಫೋನು ಕುಕ್ಕಿದಳು.

ಚಿಕ್ಕ ಯಜಮಾನ ಕೂಗಾಡಲಿಲ್ಲ. ಕೂಗಾಡಿದ್ದರೆ ಅವಳೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದಳೇನೋ. ಅವನು ನಿಟ್ಟುಸಿರು ಬಿಟ್ಟು, "ಹೋಗ್ಲಿ ಅಕ್ಕಾ, ಎಲ್ಲಾರ ಕೈಲೂ ತಪ್ಪಾಗುತ್ತೆ," ಎಂದ. ತಪ್ಪಲ್ಲ ಎಂದು ಅವಳು ಬಾಯಿ ತೆರೆಯುವಷ್ಟರಲ್ಲಿ, "ಒಂದು ತಪ್ಪೋಲೆ ಹಾಕಿ ಅಂಟಿಸಿಬಿಡೋಣ," ಎಂದು ಮುಗಿಸಿದ.

ಪುಸ್ತಕ ಅಚ್ಚಾದ ಮೇಲೆ ತಪ್ಪು ಕಂಡರೆ, ತಪ್ಪು ಯಾವುದು, ಒಪ್ಪು ಯಾವುದು ಎಂದು ಸಣ್ಣ ಚೀಟಿ ಮಾಡಿ ಒಳಗೆ ಅಂಟಿಸುತ್ತಾರಲ್ಲ, ಅದು. ಆ ಚೀಟಿಯ ಕರಡೂ ಅವಳ ಮೇಜಿಗೇ ಬಂತು, ಇನ್ನೆಲ್ಲಿಗೆ ಹೋಗಬೇಕು? ಎಡಗಡೆ 'ತಪ್ಪು', ಅದರ ಕೆಳಗೆ 'ಕತ್ತಿಯನ್ನು'. ಬಲಗಡೆ 'ಒಪ್ಪು', ಅದರ ಕೆಳಗೆ 'ಕತ್ತೆಯನ್ನು'. ಅವಳಿಗೆ ಆ ಚೀಟಿಯನ್ನು ಚಿಂದಿ ಮಾಡಬೇಕೆನ್ನಿಸಿತು. ಬೇಕೆಂದೇ ಒಂದು ಒತ್ತು ತಪ್ಪಿಸಿ ಕಳಿಸಿದರೆ ಹೇಗೆ ಎಂದೂ ಅನ್ನಿಸಿತು. ಕೈ ಬರಲಿಲ್ಲ. ಸರಿಯಿದೆ ಎಂದು ಬರೆದು ಸಹಿ ಹಾಕಿದಳು. ಅಷ್ಟು ಹೊತ್ತಿಗೆ ಪುಟ ಕಟ್ಟುವವನು ಅವಳಿಗೆ 'ಕತ್ತಿಯಕ್ಕ' ಎಂದು ಹೊಸ ನಾಮಕರಣವನ್ನೂ ಮಾಡಿ ಮುಗಿಸಿದ್ದ.

ಮನೆಗೆ ಒಯ್ಯುವ ಪ್ರತಿಯಿಂದ ಅವಳು ಚೀಟಿಯನ್ನು ನಾಜೂಕಾಗಿ ಕಿತ್ತಳು. ಎಸೆಯಲು ಮನಸ್ಸಾಗದೆ ಕೈಚೀಲದಲ್ಲಿ ಹಾಕಿಕೊಂಡಳು. ಊರಿಗೆಲ್ಲ ಕತ್ತೆ ಇರಲಿ, ಅಪ್ಪನಿಗೆ ಮಾತ್ರ ಕತ್ತಿ ಇರಲಿ ಎಂದುಕೊಂಡಳು.

ಅಪ್ಪ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಪುಸ್ತಕ ತೆಗೆದುಕೊಂಡರು. ಮೊದಲು ಮೂಸಿದರು. ಬೆನ್ನು ಸವರಿ ಹೊಲಿಗೆ ನೋಡಿದರು. ಆಮೇಲೆ ಭೂತಗನ್ನಡಿ ಹಿಡಿದು, ಯಾರೂ ಹೇಳದೆಯೇ ಏಳನೆಯ ಅಧ್ಯಾಯಕ್ಕೆ ಹೋದರು. ಕನ್ನಡಿ ಸಾಲಿನ ಮೇಲೆ ಮೆಲ್ಲಗೆ ತೆವಳಿ ಒಂದು ಕಡೆ ನಿಂತಿತು. ಕೊಂಬಕ್ಕ ಬಾಗಿಲಲ್ಲೇ ನಿಂತು ನೋಡುತ್ತಿದ್ದಳು.

"ಕತ್ತಿ," ಎಂದರು ಅಪ್ಪ.

"ಹೌದಪ್ಪ."

"ಯಾರು ತಿದ್ದಿದ್ದು?"

"ನಾನೇ."

ಅಪ್ಪ ಪುಟ ತಿರುಗಿಸಿ ಚಿತ್ರದ ಕತ್ತೆಯನ್ನು ನೋಡಿದರು. ಮತ್ತೆ ಪುಸ್ತಕದ ಮೊದಲಿಗೆ ಬಂದು, ರಟ್ಟಿನ ಒಳಗಿನ ಖಾಲಿ ಹಾಳೆಯ ಮೇಲೆ ಬೆರಳಾಡಿಸಿದರು. ಕಣ್ಣು ಸೋತರೂ ಬೆರಳು ಕಸುಬು ಬಿಟ್ಟಿರಲಿಲ್ಲ.

"ಇಲ್ಲಿ ಗೋಂದು ಅಂಟಿದೆ. ಚೀಟಿ ಇತ್ತಲ್ವಾ?"

"ಇಲ್ಲಪ್ಪ."

"ಇತ್ತು. ಎಲ್ಲಿಟ್ಟೆ?"

ಅವಳಿಗೆ ಅಳುವಂತಾಯಿತು. ಯಾವುದನ್ನು ಅಪ್ಪ ಕಾಣಬಾರದೆಂದು ಇಷ್ಟೆಲ್ಲ ಒದ್ದಾಡಿದಳೋ ಅದನ್ನೇ ಕೈಯಾರೆ ತೆಗೆದು ಕೊಡಬೇಕಾಯಿತು. ಅಪ್ಪ ಚೀಟಿಯನ್ನು ಕನ್ನಡಿಯ ಕೆಳಗಿಟ್ಟು ಎಡದಿಂದ ಬಲಕ್ಕೆ ಓದಿದರು. ಇನ್ನೊಮ್ಮೆ ಓದಿದರು. ಅವರ ಬೆರಳು ಬಲಗಡೆಯ 'ಒಪ್ಪು' ಎಂಬ ಪದದ ಮೇಲೆ ನಿಂತುಬಿಟ್ಟಿತು.

"ಇದನ್ನ ಹಾಕ್ಸಿದ್ದು ಯಾರು? ದೊಡ್ಡ ಯಜಮಾನ್ರ ಮೊಮ್ಮಗನಾ?"

"ಅವನೇ. ಎಷ್ಟು ಹೇಳಿದ್ರೂ ತಲೆಗೆ ಹೋಗಲ್ಲ ಅಪ್ಪ ಅವನಿಗೆ."

ಅಪ್ಪನ ಹೆಗಲು ಅಲುಗಾಡಿತು. ನೊಂದುಕೊಂಡರು ಎಂದು ಅವಳು ಓಡಿ ಹತ್ತಿರ ಹೋದಳು. ನೋಡಿದರೆ ನಗುತ್ತಿದ್ದರು. ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು, ಆದರೂ ನಗು ನಿಲ್ಲಲಿಲ್ಲ. ಹುಟ್ಟಿದಾಗಿನಿಂದ ಅವಳು ಆ ಕತ್ತೆಯ ವಿಷಯಕ್ಕೆ ಅಪ್ಪ ನಕ್ಕದ್ದನ್ನು ಕಂಡಿರಲಿಲ್ಲ.

"ತಾತ ತಪ್ಪು ಅಂದ. ಮೊಮ್ಮಗ ಒಪ್ಪು ಅಂತ ಅಚ್ಚು ಹಾಕ್ಸಿದಾನೆ."

"ಅದು ಒಪ್ಪಲ್ಲ ಅಪ್ಪ. ಕತ್ತೆನ ಮರಕ್ಕೆ ಒರಗಿಸೋಕಾಗಲ್ಲ."

"ನಂಗೊತ್ತಿಲ್ವಾ? ನಂಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದ್ರೆ ಅಚ್ಚಾಗಿದೆ ನೋಡು." ಕಣ್ಣೊರೆಸಿಕೊಂಡು ಕೈ ಚಾಚಿದರು. "ಗೋಂದು ತಾ."

ಅವಳು ಗೋಂದಿನ ಸೀಸೆ ತಂದುಕೊಟ್ಟಳು. ಅಪ್ಪನ ಮುಖ ಅರಳಿದೆ, ಸಂತೋಷಪಡಬೇಕು ಎಂದು ಅವಳಿಗೆ ಗೊತ್ತಿತ್ತು. ಆದರೂ ಬಂದದ್ದು ಕೋಪವೇ. ಅವಳು ಯಾರ್ಯಾರ ಹತ್ತಿರವೋ ಹಲ್ಲುಗಿಂಜಿ, ಬೈಸಿಕೊಂಡು, ಕೆಲಸವನ್ನೇ ಪಣಕ್ಕಿಟ್ಟು ಸರಿಮಾಡಲಾಗದ್ದನ್ನು ಆ ಎಳಸು ಹುಡುಗ ಏನೂ ತಿಳಿಯದೆ, ಅದೂ ತಪ್ಪನ್ನೇ ಒಪ್ಪು ಮಾಡಿ, ಒಂದು ಚೀಟಿಯಲ್ಲಿ ಮುಗಿಸಿಬಿಟ್ಟಿದ್ದ. ನ್ಯಾಯ ಎಂದರೆ ಹೀಗೆ ಹಿಂಬಾಗಿಲಿನಿಂದಲೇ ಬರಬೇಕಿತ್ತೇ?

ಅಪ್ಪ ಚೀಟಿಯ ನಾಲ್ಕೂ ಮೂಲೆಗೆ ಗೋಂದು ಸವರಿ, ನೇರ ಕೂತಿದೆಯೇ ಎಂದು ಬೆರಳಿನಿಂದ ಅಳೆದು, ಅಂಗೈಯಿಂದ ಒತ್ತಿ ಹಿಡಿದರು. ಹಾಗೆ ಒತ್ತಿ ಹಿಡಿದಿದ್ದಾಗಲೇ ಏನೋ ಹೊಳೆದಂತೆ ಅವಳತ್ತ ತಿರುಗಿದರು.

"ಮಗಾ, ಇದರಲ್ಲಿ ತಪ್ಪು ಅಂತ ಹಾಕಿರೋದು ನಿಂದಲ್ವಾ?"

"ಹೌದಪ್ಪ."

"ಬೇಜಾರಾಯ್ತಾ?"

"ಆಯ್ತು."

"ಆಗುತ್ತೆ," ಎಂದರು ಅಪ್ಪ, ಪುಸ್ತಕದ ಮೇಲಿಂದ ಕೈ ತೆಗೆಯದೆ. "ಒಂದು ನಲವತ್ತು ವರ್ಷ ಇರುತ್ತೆ. ಆಮೇಲೆ ಯಾರಾದ್ರೂ ಬಂದು ಒಪ್ಪು ಅಂತಾರೆ."

ಕೊಂಬಕ್ಕ ಗೋಂದಿನ ಸೀಸೆಯ ಮುಚ್ಚಳವನ್ನು ಬೇಕಾದದ್ದಕ್ಕಿಂತ ಜೋರಾಗಿ ತಿರುಗಿಸಿ ಬಿಗಿ ಮಾಡಿದಳು.