ಕುಸುಮಾಳ ಬೋಳು ಹಾಲ್

ಗೋಡೆಯ ಮೇಲೆ ಒಂದೇ ಒಂದು ಮೊಳೆ ಇರಬಾರದು. ಕುಸುಮಾ ಕೇಳಿದ್ದು ಇಷ್ಟೇ. ಬಂಗಾರ ಕೇಳಲಿಲ್ಲ, ರೇಷ್ಮೆ ಸೀರೆ ಕೇಳಲಿಲ್ಲ. ಆದರೂ ತೋಡೂರಿನ ಆ ಮನೆಯಲ್ಲಿ ಅವಳೇನೋ ಅರಮನೆಯನ್ನೇ ಬೇಡಿದ ಹಾಗೆ ಗಲಾಟೆಯಾಯಿತು.

ಅಯ್ಯೋ, ಆ ಹಾಲನ್ನು ನೀವು ಮೊದಲು ನೋಡಬೇಕಿತ್ತು! ಒಂದು ಗೋಡೆಯಲ್ಲಿ ಸತ್ತ ಮಾವನ ಫೋಟೊ, ಅದರ ಪಕ್ಕ ಮಾವನ ಅಪ್ಪನದು. ಇನ್ನೊಂದರಲ್ಲಿ ಸೊಸೈಟಿಯ ಕ್ಯಾಲೆಂಡರು, ಕಿರಾಣಿ ಅಂಗಡಿಯ ಕ್ಯಾಲೆಂಡರು, ದೇವರ ಚಿತ್ರವಿದೆ ಎಂದು ಎಸೆಯದೆ ಬಿಟ್ಟ ಹಳೇ ವರ್ಷಗಳ ಕ್ಯಾಲೆಂಡರು. ಮದುವೆಗೆ ಬಂದ ಗಡಿಯಾರಗಳಂತೂ ಒಂದರ ಹೊತ್ತು ಇನ್ನೊಂದಕ್ಕೆ ಕೂಡದು. ಇಳಿಸೋಣವೆಂದರೆ ಕೆಳಗೆ ಕೊಟ್ಟವರ ಹೆಸರು ಬರೆದಿದೆ. ಅವರು ಮನೆಗೆ ಬಂದರೆ ನೀರು ಕುಡಿಯುವ ಮೊದಲು ನೋಡುವುದೇ ಅದನ್ನು. ಶೋಕೇಸಿನ ತುಂಬ ಗಂಡ ಯೋಗೇಶ ಹರೆಯದಲ್ಲಿ ಕಬಡ್ಡಿಯಾಡಿ ಗೆದ್ದ ಟ್ರೋಫಿಗಳು, ಪ್ಲಾಸ್ಟಿಕ್ ಹೂವು, ಚಿಪ್ಪಿನ ನವಿಲು. ಮೇಲೆ ಹಂಚಿನ ಸಂದಿನಿಂದ ಧೂಳು ಮತ್ತು ಇಲಿಯ ಹಿಕ್ಕೆ ಉದುರುತ್ತದೆ. ಮಳೆಗಾಲ ಬಂತೆಂದರೆ ಪ್ರತಿಯೊಂದು ಫೋಟೊದ ಹಿಂದೆ ಬೂಸು. ಇದನ್ನೆಲ್ಲ ಒರೆಸುವುದು ಯಾರು? ಮದುವೆಯಾಗಿ ಬಂದಾಗಿನಿಂದ ಕುಸುಮಾಳೇ.

ಹಾಗಂತ ಅವಳೇನು ಮನೆಯಲ್ಲೇ ಇರುವವಳಲ್ಲ. ಬೆಳಿಗ್ಗೆ ಕಾರವಾರದ ಬಸ್ಸು ಹಿಡಿದು, ಅಲ್ಲಿಂದ ಕಾಳಿ ಸೇತುವೆ ದಾಟಿ ದೇವಬಾಗದ ಒಂದು ರೆಸಾರ್ಟಿಗೆ ಹೋಗುತ್ತಾಳೆ. ಅಲ್ಲೂ ಇದೇ ಕೆಲಸ: ರೂಮು ಗುಡಿಸು, ಹಾಸಿಗೆ ಜಾಡಿಸು, ಬಂದವರು ಒದ್ದು ಬಿಸಾಡಿದ ದಿಂಬನ್ನು ಸಾಲಾಗಿ ಇಡು. ಅಲ್ಲಿ ಮೂಲೆಯ ರೂಮೊಂದಿದೆ. ತಿಳಿಬಣ್ಣದ ಗೋಡೆ, ಕಿಟಕಿಯ ಬಳಿ ಒಂದು ಬೆತ್ತದ ಕುರ್ಚಿ, ಮತ್ತೇನೂ ಇಲ್ಲ. ಒರೆಸಲು ಏನೂ ಇಲ್ಲದ್ದರಿಂದ ಆ ರೂಮು ಬೇಗ ಮುಗಿಯುತ್ತದೆ, ಉಳಿದ ಹೊತ್ತಿನಲ್ಲಿ ಕುಸುಮಾ ಗೋಡೆಗೊರಗಿ ಸುಮ್ಮನೆ ನಿಲ್ಲುತ್ತಾಳೆ. ಕುರ್ಚಿಯಲ್ಲಿ ಕೂರುವ ಹಾಗಿಲ್ಲವಲ್ಲ! ಸಾಯುವುದರೊಳಗೆ ತನಗೂ ಇಂಥದೊಂದು ಕೋಣೆ ಬೇಕು ಎಂದು ಅವಳಿಗೆ ಅನಿಸಿದ್ದು ಅಲ್ಲಿ ನಿಂತೇ.

ಈ ಬೇಸಿಗೆಯಲ್ಲಿ ಹಟ ಹಿಡಿದು ಮಾಡಿಸಿಯೇ ಬಿಟ್ಟಳು. ಗೋಡೆಗೆ ಬಿಸ್ಕೀಟಿನ ಬಣ್ಣ. ಧೂಳು ಬೀಳದ ಹಾಗೆ ಹಂಚಿನ ಕೆಳಗೆ ಬಿಳಿಯ ಪಿವಿಸಿ ಸೀಲಿಂಗು. ಫೋಟೊ, ಗಡಿಯಾರ, ನವಿಲು ಎಲ್ಲ ನಡುಕೋಣೆಗೆ ಹೋದವು. ಹಾಲಿನಲ್ಲಿ ಉಳಿದದ್ದು ಕಾರವಾರದಿಂದ ಟೆಂಪೊದ ಮೇಲೆ ಬಂದ ಒಂದು ಬೆತ್ತದ ಕುರ್ಚಿ.

ಅತ್ತೆ ಬೀರಿ ಹೊಸ್ತಿಲಲ್ಲಿ ನಿಂತು ನೋಡಿದಳು.

"ಇದೆಂತದೆ ಇದು? ಗೋಡೆ ಬೋಳು ಮಾಡಿ ಇಟ್ಟಿದ್ಯಲ್ಲೆ. ನೋಡ್ದವ್ರು ಈ ಮನೇಲಿ ಯಾರೂ ಬಾಳ್ವೆ ಮಾಡೂದಿಲ್ಲ ಅಂದ್ಕೊಳ್ತ್ರು."

"ನಂಗೆ ಹೀಂಗೇ ಬೇಕು ಅತ್ತೆ."

"ಬೇಕಂತೆ ಬೇಕು! ಮಳ್ಳಿ."

ಮರುದಿನ ಕುಸುಮಾ ಕೆಲಸದಿಂದ ಬಂದಾಗ ಹೊಸ ಗೋಡೆಗೆ ಮೊಳೆ ಹೊಡೆದು ಕ್ಯಾಲೆಂಡರು ತೂಗಿಹಾಕಿತ್ತು. ಅವಳು ತೆಗೆದು ಒಳಗಿಟ್ಟಳು. ಮಾರನೆಯ ದಿನ ಅದು ಮತ್ತೆ ಗೋಡೆಯಲ್ಲಿ. ಅವಳು ಮತ್ತೆ ತೆಗೆದಳು. ಅತ್ತೆ ಸೊಸೆಯರ ನಡುವೆ ಸಿಕ್ಕಿಬಿದ್ದ ಯೋಗೇಶ ಗದ್ದೆಯ ನೆವ ಹೇಳಿ ಹೊರಗೇ ಇರತೊಡಗಿದ. ಕೊನೆಗೆ ಕುಸುಮಾ ಮೊಳೆಯನ್ನೇ ಕಿತ್ತು ಬಾವಿಗೆ ಹಾಕಿದಳು. ಗೋಡೆಯಲ್ಲಿ ತೂತು ಉಳಿಯಿತು.

ಹಟ್ಟಿಕೇರಿಯಲ್ಲಿರುವ ಗಂಡನ ಅಕ್ಕ ನಾಗು ಬಂದವಳು ಚಪ್ಪಲಿ ಬಿಡುತ್ತಲೇ ಕೇಳಿದಳು, "ನಾ ಕೊಟ್ಟ ಗಡಿಯಾರ ಎಲ್ಲದೆ?"

"ಒಳಗದೆ ಅತ್ತಿಗೆ. ಚಲೋ ಅದೆ."

"ಒಳಗೆ ಯಾರಿಗೆ ಹೊತ್ತು ತೋರಿಸ್ತದೆ, ಅಕ್ಕಿ ಡಬ್ಬಿಗಾ?"

ಹೇಳಿ ಹೇಳಿ ಕುಸುಮಾಳ ಬಾಯಿ ಸೋತಿತ್ತು. ಕೋಣೆಯೇನೋ ಸಿಕ್ಕಿತು, ಅದನ್ನು ಕಾಯುವುದೇ ಇನ್ನೊಂದು ಕೆಲಸವಾಯಿತು. ಬೆತ್ತದ ಕುರ್ಚಿಯಲ್ಲಿ ಕೂರಲು ಅವಳಿಗೆ ಇನ್ನೂ ಒಂದು ದಿನವೂ ಪುರುಸೊತ್ತಾಗಿರಲಿಲ್ಲ.

ಹೀಗೆ ಮಳೆಗಾಲ ಕಳೆಯುತ್ತ ಬಂದು ಚೌತಿಯ ಹಿಂದಿನ ದಿನ ಯೋಗೇಶ ಅಟ್ಟದಿಂದ ಫಲಾವಳಿಯ ಮರದ ಚೌಕಟ್ಟು ಇಳಿಸಿ ತೊಳೆದ. ಗಣಪತಿಯ ತಲೆಯ ಮೇಲೆ ಅದನ್ನು ತೂಗಿ, ಅಡಿಕೆಗೊನೆ, ಸೌತೆ, ಹಾಗಲ, ಅಮಟೆಕಾಯಿ, ಹೀಗೆ ಆ ಕಾಲದಲ್ಲಿ ಬೆಳೆದದ್ದನ್ನೆಲ್ಲ ಕಟ್ಟಬೇಕು. ಅದಿಲ್ಲದೆ ಚೌತಿಯಿಲ್ಲ. ತಲೆತಲಾಂತರದಿಂದ ಅದನ್ನು ಹಾಲಿನ ತೊಲೆಗೆ ಬಿಗಿಯುತ್ತ ಬಂದಿದ್ದರು. ಯೋಗೇಶ ಹಗ್ಗ ಹಿಡಿದು ಹಾಲಿಗೆ ಬಂದು, ಮೇಲೆ ನೋಡಿ, ಹಾಗೇ ನಿಂತ.

"ಇದ್ನ ಎಲ್ಲಿ ಕಟ್ಟೂದು?"

ಎಲ್ಲರೂ ಮೇಲೆ ನೋಡಿದರು. ತೊಲೆ ಎಲ್ಲಿದೆ? ಬಿಳಿಯ ಸೀಲಿಂಗು ಈ ಗೋಡೆಯಿಂದ ಆ ಗೋಡೆಗೆ ನುಣ್ಣಗೆ ಹರಡಿತ್ತು. ಊರಿನವರೆಲ್ಲ ಬಂದು ಬೋಳು ಗೋಡೆಯನ್ನು ಆಡಿಕೊಂಡು ಹೋಗಿದ್ದರು, ತಲೆಯೆತ್ತಿ ಮೇಲೆ ನೋಡಿದವರು ಒಬ್ಬರೂ ಇಲ್ಲ. ಸೀಲಿಂಗಿನವರಿಗೆ ಚಹಾ ಕೊಟ್ಟು ದಿನವಿಡೀ ಕಾದವಳು ಬೀರಿಯೇ, ಅವಳಿಗೂ ನೆನಪಾಗಿರಲಿಲ್ಲ.

"ಆಯ್ತು, ದೇವ್ರನ್ನೂ ಹೊರಗೆ ಹಾಕ್ದೆ," ಎಂದಳು ಬೀರಿ.

ಹಬ್ಬಕ್ಕೆಂದು ಮೊದಲೇ ಬಂದಿದ್ದ ನಾಗು ಕಿರಿಯ ತಮ್ಮ ನಿತೇಶನಿಗೆ ಫೋನು ಹಚ್ಚಿದಳು. ಅಂಕೋಲೆಯಲ್ಲಿ ವೈರಿಂಗ್ ಕೆಲಸ ಮಾಡುವ ಅವನ ಬಳಿ ಡ್ರಿಲ್ ಮೆಷಿನ್ ಇತ್ತು. "ಅದಕ್ಕೆಂತ ಅಕ್ಕಾ," ಎಂದ ಅವನು ಅತ್ತಲಿಂದ. "ನಾಲ್ಕು ತೂತು ಹೊಡ್ದು ತೊಲೆಯಿಂದ ಕೊಕ್ಕೆ ಇಳಿಸಿ ಬಿಡ್ತೆ. ಆದ್ರೆ ನಾ ಬರೂದು ನಾಳೆ ಮಧ್ಯಾಹ್ನ."

ಪೂಜೆ ಬೆಳಿಗ್ಗೆಯೇ. ಬೀರಿ ಸಿಟ್ಟಿನಿಂದ ತೀರ್ಪು ಕೊಟ್ಟಳು: ಈ ವರ್ಷ ಗಣಪತಿ ಒಲೆಕೋಣೆಗೆ ತಾಗಿದ ನಡುಕೋಣೆಯಲ್ಲಿ ಕೂರುವುದು, ಅಲ್ಲಿ ತೊಲೆ ಬಯಲಾಗಿದೆ. ನಾಳೆ ಊಟವಾದ ಮೇಲೆ ನಿತೇಶ ಹಾಲಿಗೆ ಕೊಕ್ಕೆ ಹಾಕಿಯೇ ಹೋಗುವುದು. ಮುಂದಿನ ವರ್ಷ ದೇವರು ಮೊದಲಿನ ಜಾಗಕ್ಕೆ.

ಬೇಡ ಎನ್ನಲು ಕುಸುಮಾ ಬಾಯಿ ತೆರೆದಳು. ದೇವರ ವಿಷಯಕ್ಕೆ ಬೇಡ ಎನ್ನುವುದು ಹೇಗೆ? ಆದರೆ ಆ ಕೊಕ್ಕೆಗಳು ಚೌತಿ ಮುಗಿದ ಮೇಲೆ ಸುಮ್ಮನಿರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಒಂದಕ್ಕೆ ರೇನ್‌ಕೋಟು ಬರುತ್ತದೆ, ಇನ್ನೊಂದಕ್ಕೆ ಬಟ್ಟೆ ಒಣಗಿಸುವ ಹಗ್ಗ. ಹಿಂದೆಯೇ ಗಡಿಯಾರಗಳೂ ನವಿಲೂ ಮೆರವಣಿಗೆಯಲ್ಲಿ ಬರುತ್ತವೆ, ಅವುಗಳ ಹಿಂದೆ ಒರೆಸುವ ಬಟ್ಟೆ ಹಿಡಿದು ಅವಳು. ಜಗಳಕ್ಕೆ ಮೈಯಲ್ಲಿ ತ್ರಾಣವಿರಲಿಲ್ಲ. "ಏನಾದ್ರೂ ಮಾಡ್ಕೊಳ್ಳಿ," ಎಂದು ಕಾಯಿ ತುರಿಯಲು ಹೋದಳು. ತುರಿಯುತ್ತ ಅತ್ತಳು.

ಚೌತಿಯ ದಿನ ನಡುಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗಣಪತಿಯ ಮೇಲೆ ಫಲಾವಳಿ, ಸುತ್ತ ಮಾವನ, ಮಾವನ ಅಪ್ಪನ ಫೋಟೊಗಳು, ಗಡಿಯಾರಗಳು, ಅವುಗಳ ನಡುವೆ ಬಳಗವೆಲ್ಲ ಮೈಗೆ ಮೈ ತಾಗಿಸಿ ಕೂತು ನಗುತ್ತಿತ್ತು. ಹಾಲಿಗೆ ಬಂದವರು ಹಾದು ಹೋದರೇ ಹೊರತು ಯಾರೂ ನಿಲ್ಲಲಿಲ್ಲ. ಕುಸುಮಾ ಬೆಳಗಿನ ಜಾವದಿಂದ ಮೋದಕ ಬೇಯಿಸಿ, ಬಡಿಸಿ, ಎಲೆ ಎತ್ತಿ, ಪಾತ್ರೆ ತಿಕ್ಕಿದ್ದಳು. ಊಟ ಮುಗಿದಾಗ ಸೊಂಟ ತನ್ನದಲ್ಲ ಎನಿಸಿತ್ತು. ಕೊಕ್ಕೆ ಬೀಳುವ ಮೊದಲು ಒಮ್ಮೆಯಾದರೂ ಆ ಕುರ್ಚಿಯಲ್ಲಿ ಕೂರಬೇಕೆಂದು ಹಾಲಿಗೆ ಬಂದಳು.

ಹಾಲಿನ ನಟ್ಟನಡುವೆ, ಬರೀ ನೆಲದ ಮೇಲೆ, ಸೆರಗನ್ನು ತಲೆಯಡಿ ಮಡಚಿಕೊಂಡು ಬೀರಿ ಅಂಗಾತ ಮಲಗಿದ್ದಳು. ಕಣ್ಣು ತೆರೆದೇ ಇತ್ತು.

"ಅತ್ತೆ! ಏನಾಯ್ತು?"

"ಏನೂ ಆಗಲಿಲ್ಲ. ತಂಪದೆ ಇಲ್ಲಿ." ಬೀರಿ ಮೇಲೆ ನೋಡುತ್ತಲೇ ಇದ್ದಳು. "ಈ ಮನೆಗೆ ಬಂದಾಗಿಂದ ಹಗಲು ಹೊತ್ತು ನಾ ಇಲ್ಲಿ ಬೆನ್ನು ಹಾಕ್ಲಿಲ್ಲ, ಗೊತ್ತದ್ಯೇ? ಮಲಗ್ದ್ರೆ ಮೇಲೆ ಜೇಡನ ಬಲೆ ಕಾಣ್ತಿತ್ತು, ಎದ್ದು ಹೊಡೀತಿದ್ದೆ. ಮಗ್ಗುಲಾದ್ರೆ ನಿನ್ನ ಮಾವನ ಅಪ್ಪ. ಅವ್ನ ಮುಂದೆ ಕಾಲು ಚಾಚೂದು ಹೇಗೆ? ಈಗ ನೋಡು, ಏನೂ ಇಲ್ಲ. ಏಳೇ ಬೀರಿ ಅಂತ ಹೇಳೂದು ಒಂದೂ ಇಲ್ಲ."

ತಾನು ಬರುವ ಮೊದಲು ಇದನ್ನೆಲ್ಲ ಒರೆಸಿದವಳು ಇವಳೇ ಎಂಬುದು ಇಷ್ಟು ವರ್ಷದಲ್ಲಿ ಕುಸುಮಾಳಿಗೆ ಹೊಳೆದೇ ಇರಲಿಲ್ಲ.

ಅಷ್ಟರಲ್ಲಿ ನಿತೇಶ ಏಣಿಯನ್ನೂ ಮೆಷಿನ್ನನ್ನೂ ತಂದು ಪ್ಲಗ್ಗು ಹುಡುಕಿದ. ಗರ್ ಎಂದು ಒಮ್ಮೆ ತಿರುಗಿಸಿ ನೋಡಿದ.

"ಏಯ್, ಬಂದ್ ಮಾಡಾ ಅದ್ನ," ಎಂದಳು ಬೀರಿ, ಮಲಗಿದಲ್ಲಿಂದಲೇ. "ಹೊರಗೆ ಇಡು."

"ಕೊಕ್ಕೆ ಬ್ಯಾಡ್ವಾ ಅವ್ವಾ? ಮುಂದಿನ ವರ್ಷ ಫಲಾವಳಿ?"

"ದೇವ್ರಿಗೆ ಅಲ್ಲೇ ಚಲೋ ಅದೆ. ಒಲೆ ಬದಿಗೆ ಬೆಚ್ಚಗೆ, ಮೋದಕದ ಪರಿಮಳ ಬೇರೆ. ಅವ್ನಿಗೆ ಮತ್ತೆಂತ ಬೇಕು? ಹೋಗು, ಬೆಳಕಿಗೆ ಅಡ್ಡ ನಿಲ್ಬೇಡ."

ನಿತೇಶ ಅಣ್ಣನ ಹೆಂಡತಿಯ ಮುಖ ನೋಡಿದ, ಏಣಿ ಹೊತ್ತು ಹೊರಗೆ ಹೋದ. ಕುಸುಮಾ ಮೆಲ್ಲಗೆ ಕುರ್ಚಿಯಲ್ಲಿ ಕೂತಳು. ಬೆತ್ತ ಕಿರ್ರೆಂದಿತು. ಕಾಲು ಚಾಚಿದಳು, ಎದುರಿಗೆ ಬರೀ ಗೋಡೆ.

ಒಳಗಿನಿಂದ ನಾಗು ಕೂಗಿದಳು. "ಕುಸುಮಾ... ಎಲ್ಲಿದ್ಯೇ? ಎಲ್ಲರಿಗೂ ಒಂದಿಷ್ಟು ಚಾ ಇಡೇ!"

ಅಭ್ಯಾಸಬಲದಿಂದ ಕುಸುಮಾ ಏಳಹೋದಳು. ಬೀರಿ ಕಣ್ಣು ಮುಚ್ಚಿಕೊಂಡೇ ಕೈ ನೀಡಿ ಅವಳ ಸೀರೆಯ ಅಂಚು ಹಿಡಿದು ಜಗ್ಗಿದಳು.

"ಕುಸುಮಾ ಇಲ್ಲಿಲ್ಲ," ಎಂದು ಒಳಗೆ ಕೇಳುವ ಹಾಗೆ ಕೂಗಿದಳು. "ನಾನೂ ಇಲ್ಲ. ನೀನೇ ಇಡು."