ಆನೆ ಹೇಗೆ ಕೂಗುತ್ತೆ

ಆ ಶಿಶುವಿಹಾರದಲ್ಲಿ ಅವಳ ಹೆಸರು ಯಾರಿಗೂ ಬೇಕಿರಲಿಲ್ಲ. ಮಕ್ಕಳಿಗೂ ಅವರ ಅಮ್ಮಂದಿರಿಗೂ ಅವಳು ಮೂಗಿನ ಆಂಟಿ. ನಗಬೇಡಿ. ನೆಗಡಿಯಾದ ಮೂರು ವರ್ಷದ ಮಗುವಿನ ಮೂಗು ಒರೆಸಿದವರಿಗೆ ಗೊತ್ತು ಅದೆಂಥ ಕುಸ್ತಿ ಅಂತ. ನೀವು ಕೈ ಚಾಚುವಷ್ಟರಲ್ಲಿ ಅದು ತಲೆ ತಿರುಗಿಸಿ, ಇದ್ದಬದ್ದದ್ದನ್ನೆಲ್ಲ ನಿಮ್ಮ ಭುಜಕ್ಕೇ ಬಳಿದಿರುತ್ತದೆ.

ಅವಳ ಹತ್ತಿರ ಮಾತ್ರ ಯಾವ ಮಗುವಿನದೂ ತಕರಾರಿಲ್ಲ. ತೊಡೆಯ ಮೇಲೆ ಒರಗಿಸಿಕೊಂಡು ಒಂದೊಂದು ಹೊಳ್ಳೆಗೆ ಎರಡೆರಡು ಹನಿ ಉಪ್ಪುನೀರು ಬಿಡುವಳು. ಕಟ್ಟಿದ್ದು ಸಡಿಲವಾಗಲಿ ಎಂದು ಒಂದು ನಿಮಿಷ ಏನೋ ಕಥೆ ಹೊಡೆಯುವಳು. ಆಮೇಲೆ ಮೆತ್ತನೆಯ ಹಳೇ ಬಟ್ಟೆ ಹಿಡಿದು, "ಆನೆ ಹೇಗೆ ಕೂಗುತ್ತೆ?" ಅನ್ನುವಳು. ಮಗು ಬಾಯಿ ಮುಚ್ಚಿ ಮೂಗಿನಿಂದ ಫ್ರೂಂ ಎಂದು ಊದಬೇಕು. ಊದಿದರೆ ಚಪ್ಪಾಳೆ, ಉರಿಯದಿರಲೆಂದು ಮೂಗಿನ ಕೆಳಗೆ ಚೂರು ವ್ಯಾಸಲೀನ್. ಆ ಪ್ರಶ್ನೆ ಕಿವಿಗೆ ಬಿದ್ದರೆ ಸಾಕು, ಬಟ್ಟೆ ಇರಲಿ ಬಿಡಲಿ, ಕೋಣೆಯಲ್ಲಿರುವ ಮಕ್ಕಳೆಲ್ಲ ಒಟ್ಟಿಗೆ ಊದಿಬಿಡುತ್ತಿದ್ದವು.

ಬೆಳಿಗ್ಗೆ ಗೇಟಿನಲ್ಲಿ ನಿಂತು ಮೂಗು ನೋಡುವುದೂ ಅವಳ ತಲೆಗೇ. ಸುರಿಯುವ ಮೂಗಾದರೆ ಮಗು ವಾಪಸ್ಸು. ಅದು ಶಿಶುವಿಹಾರ ನಡೆಸುವ ಮೇಡಂ ಮಾಡಿದ ನಿಯಮ. ಅಮ್ಮಂದಿರೇನು ಕಡಿಮೆಯೇ? ಅವಳಿಂದಲೇ ಕಲಿತ ಉಪ್ಪುನೀರಿನ ವಿದ್ಯೆಯನ್ನು ಕಾರಿನಲ್ಲೇ ಪ್ರಯೋಗಿಸಿ, ಮಗುವಿನ ಮೂಗನ್ನು ಚೊಕ್ಕ ಮಾಡಿ ತಂದು ನಿಲ್ಲಿಸುತ್ತಿದ್ದರು. ಅರ್ಧ ಗಂಟೆಗೆ ಮೂಗು ಮತ್ತೆ ಸುರಿದರೆ ಮೇಡಂ ಹೇಳುತ್ತಿದ್ದುದು ಒಂದೇ: "ಹೋಗ್ಲಿ ಬಿಡು, ಪಾಪ, ಅವರಿಗೂ ಆಫೀಸಿರುತ್ತೆ."

ಹೀಗೆ ಒಳಗೆ ಬಂದ ನೆಗಡಿ ಅವಳ ಮಗಳು ಪುಟ್ಟಿಗೂ ಅಂಟಿತು. ಪುಟ್ಟಿಯೂ ಅಲ್ಲೇ ಇರುತ್ತಿದ್ದಳು. ಮನೆಯಲ್ಲಿ ನೋಡಿಕೊಳ್ಳಲು ಇನ್ನೊಂದು ಜೀವ ಇರಲಿಲ್ಲ. ಮಗಳು ಮನೆಯಲ್ಲಿ ಉಳಿದರೆ ಅವಳೂ ಉಳಿಯಬೇಕು. ಆ ತಿಂಗಳು ಆಗಲೇ ಎರಡು ಸಲ ರಜೆಯಾಗಿತ್ತು. "ಇನ್ನೊಂದ್ಸಲ ರಜೆ ಅಂದ್ರೆ ಬೇರೆಯವರನ್ನ ನೋಡ್ಕೋತೀನಿ" ಎಂದು ಮೇಡಂ ಮುಖಕ್ಕೆ ಹೊಡೆದಂತೆ ಹೇಳಿದ್ದರು.

ಹಾಗಾಗಿ ಅವಳೂ ಅದೇ ವಿದ್ಯೆ ಮಾಡಿದಳು. ಹಿತ್ತಲ ನಲ್ಲಿಯ ಹತ್ತಿರ ಮಗಳ ಮೂಗಿಗೆ ಹನಿ ಬಿಟ್ಟು, ಊದಿಸಿ, ಒರೆಸಿ, "ಪುಟ್ಟಿ, ಇವತ್ತು ಮೂಲೇಲೇ ಕೂತಿರು. ಮೂಗು ಸುರಿದ್ರೆ ಮೆಲ್ಲಗೆ ನನ್ನ ಹತ್ರ ಬಾ" ಎಂದಳು. ಎಲ್ಲ ಹೇಳಿದಳು, ಆನೆ ಇವತ್ತು ಬೇಡ ಎಂದು ಹೇಳುವುದೊಂದನ್ನು ಮರೆತಳು.

ಹತ್ತು ಗಂಟೆಯ ಹೊತ್ತಿಗೆ, ಕಾರಿನಲ್ಲಿ ಮೂಗು ಚೊಕ್ಕ ಮಾಡಿಸಿಕೊಂಡು ಬಂದಿದ್ದ ಗುಂಡನಿಗೆ ಮೂಗು ಕಟ್ಟಿ ಅಳು ಶುರುವಾಯಿತು. ಗ್ರಹಚಾರಕ್ಕೆ ಮೇಡಂ ಅವತ್ತೇ ಹಾಜರಿ ಪುಸ್ತಕ ಹಿಡಿದು ಬಂದು, ಪುಟ್ಟಿಯ ಮೂಲೆಯ ಪಕ್ಕದಲ್ಲೇ ಕುಳಿತಿದ್ದರು. ಅವಳು ಗುಂಡನನ್ನು ತೊಡೆಗೆ ಎಳೆದುಕೊಂಡು ಹನಿ ಬಿಟ್ಟಳು, ಕಥೆ ಹೊಡೆದಳು. ಅಭ್ಯಾಸಬಲ, ನಾಲಿಗೆ ತಾನಾಗಿಯೇ ಹೊರಳಿತು: "ಆನೆ ಹೇಗೆ ಕೂಗುತ್ತೆ?"

ಎಲ್ಲರಿಗಿಂತ ಜೋರಾಗಿ ಊದಿದವಳು ಪುಟ್ಟಿ. ಬೆಳಗಿನಿಂದ ತಡೆದುಕೊಂಡಿದ್ದದ್ದೆಲ್ಲ ಹಾಜರಿ ಪುಸ್ತಕದ ಮೇಲೆ ಬಿತ್ತು. ಊದಿದವಳೇ ಚಪ್ಪಾಳೆಗಾಗಿ ಅಮ್ಮನ ಮುಖ ನೋಡಿದಳು.

"ಊರವರ ಮೂಗು ನೋಡೋಳು ನೀನು!" ಮೇಡಂ ಎದ್ದು ನಿಂತರು. "ಸ್ವಂತ ಮಗಳನ್ನ ಹೀಗೆ ಕದ್ದು ಕೂರಿಸ್ಕೊಂಡಿದೀಯಲ್ಲ, ನಾಚಿಕೆ ಆಗಲ್ವಾ?"

"ಇವನಿಗೂ ನೆಗಡೀನೇ ಅಲ್ವಾ ಮೇಡಂ?"

"ಅವನ ಮಾತು ಬೇರೆ. ಇವಳನ್ನ ಕರ್ಕೊಂಡು ಹೊರಡು. ನಾಳೆಯಿಂದ ಬರೋದೂ ಬೇಡ."

ಅವಳು ಗುಂಡನನ್ನು ಇಳಿಸಿ ಎದ್ದಳು.

"ತಾಳು" ಎಂದರು ಮೇಡಂ. "ಅವನ ಮೂಗು ಮುಗಿಸಿ ಹೋಗು. ಬೇರೆ ಯಾರಿಗೂ ಮುಟ್ಟೋಕೆ ಬಿಡಲ್ಲ ಅವನು."

ಎಂಥ ಮಾತು ನೋಡಿ! ಆ ಬಟ್ಟೆಯನ್ನು ಅಲ್ಲೇ ಎಸೆದು ಹೋಗಬೇಕಿತ್ತು. ಆದರೆ ಗುಂಡ ಬಾಯಿ ಬಿಟ್ಟು ಉಸಿರಾಡುತ್ತ ಅವಳ ಬೆರಳು ಹಿಡಿದುಕೊಂಡಿದ್ದ. ಅವನೇನು ತಪ್ಪು ಮಾಡಿದ್ದ? ಅವಳು ಮತ್ತೆ ಕುಳಿತು ಊದಿಸಿದಳು, ಒರೆಸಿದಳು, ವ್ಯಾಸಲೀನ್ ಹಚ್ಚಿದಳು. ಗುಂಡನಿಗೆ ಚಪ್ಪಾಳೆಯೂ ಸಿಕ್ಕಿತು. ಪುಟ್ಟಿ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಮಧ್ಯಾಹ್ನ ಮನೆಯಲ್ಲಿ ಪುಟ್ಟಿಯ ಮೂಗು ಪೂರ್ತಿ ಕಟ್ಟಿತು. ತುತ್ತು ನುಂಗಲೂ ಆಗದೆ ಒದ್ದಾಡುತ್ತಿದ್ದಳು. ಅವಳು ಮಗಳನ್ನು ತೊಡೆಗೆ ಒರಗಿಸಿಕೊಂಡು ಹನಿ ಬಿಟ್ಟಳು. ಕಥೆಯಿಲ್ಲದೆಯೇ ಒಂದು ನಿಮಿಷ ಕಾದಳು. ಬಟ್ಟೆ ಹಿಡಿದಳು.

"ಆನೆ ಹೇಗೆ ಕೂಗುತ್ತೆ, ಪುಟ್ಟಿ?"

ಪುಟ್ಟಿ ಎರಡೂ ಕೈಯಿಂದ ಮೂಗು ಒತ್ತಿ ಹಿಡಿದುಕೊಂಡಳು.

"ಆನೆ ಕೂಗಲ್ಲ. ಕೂಗಿದ್ರೆ ನಿಂಗೆ ಬೈತಾರೆ."